ಗುಟ್ಟಿನ ವಿಷ, ಗ್ರಂಥದ ವಿಷ

ಹಳೆಯ ವೈದ್ಯಗ್ರಂಥಗಳಲ್ಲಿ ‘ವಿಸ್ಫೋಟ’ ಎಂಬುದು ಒಂದು ರೋಗದ ಹೆಸರು. ಬೆಂಕಿ ತಾಗಿದಂತೆ ಮೈಮೇಲೆ ಏಳುವ ನೀರುಗುಳ್ಳೆ, ಬೊಕ್ಕೆಗಳನ್ನು ವೈದ್ಯರು ಆ ಹೆಸರಿನಿಂದ ಕರೆದರು. ಮಾಧವನಿದಾನದಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಉಂಟು. ಇಂದಿನ ಪತ್ರಿಕೆಯ ಓದುಗನಿಗೆ ಅದೇ ಪದ ಬಾಂಬಿನ ಸದ್ದನ್ನು ಕೇಳಿಸುತ್ತದೆ. ರೋಗಿಯ ಚರ್ಮದ ಮೇಲಿದ್ದ ಪದವೊಂದು ರಣರಂಗಕ್ಕೆ ನಡೆದು ಹೋಗಿದೆ. ಪದ ನಡೆದ ದಾರಿಯಲ್ಲಿಯೇ ದ್ರವ್ಯಗಳೂ ನಡೆದಿವೆ.

ಬೊಕ್ಕೆ ಎಬ್ಬಿಸುವ ದ್ರವ್ಯಗಳ ಚರಿತ್ರೆಯನ್ನು ಕುರಿತು ಇಂದು ಎರಡು ಕಥೆಗಳು ಚಲಾವಣೆಯಲ್ಲಿವೆ. ಮೊದಲನೆಯದು ಹೆಮ್ಮೆಯ ಕಥೆ: ಯೂರೋಪು ವಿಷಾನಿಲವನ್ನು ಕಾಣುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಭಾರತದಲ್ಲಿ ರಾಸಾಯನಿಕ ಯುದ್ಧವಿದ್ಯೆ ಇತ್ತು, ಕೌಟಿಲ್ಯನ ಅರ್ಥಶಾಸ್ತ್ರವೇ ಅದಕ್ಕೆ ಸಾಕ್ಷಿ ಎಂಬುದು. ಎರಡನೆಯದು ಸಮಾಧಾನದ ಕಥೆ: ಮಹಾಯುದ್ಧದ ಸಾಸಿವೆ ಅನಿಲದಿಂದಲೇ ಕ್ಯಾನ್ಸರಿನ ಮದ್ದು ಹುಟ್ಟಿತು, ವಿಷವೇ ಅಮೃತವಾಯಿತು ಎಂಬುದು. ಮೊದಲನೆಯದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಎರಡನೆಯದು ವಿಜ್ಞಾನದ ಜನಪ್ರಿಯ ಪುಸ್ತಕಗಳಲ್ಲಿ ಕಣ್ಣೀರು ತರಿಸುತ್ತದೆ. ಎರಡೂ ಅರ್ಧಸತ್ಯಗಳು. ವಿಷ ಯಾವುದು, ಅದನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಯಲ್ಲಿಯೇ ಇವೆರಡೂ ಮುಗಿದುಹೋಗುತ್ತವೆ. ಆ ವಿಷದ ವಿಚಾರ ಯಾರಿಗೆ ತಿಳಿದಿತ್ತು, ಯಾರಿಂದ ಅದನ್ನು ಮರೆಮಾಡಲಾಗಿತ್ತು ಎಂದು ಕೇಳುವುದಿಲ್ಲ. ಆಯುಧವನ್ನೂ ಔಷಧವನ್ನೂ ಬೇರ್ಪಡಿಸುವ ಗೆರೆ ಇರುವುದು ಈ ಪ್ರಶ್ನೆಯಲ್ಲಿ. ಆ ಗೆರೆಯನ್ನು ಕನ್ನಡದ ಮತ್ತು ಕರ್ಣಾಟಕದ ಜೈನ ವೈದ್ಯಗ್ರಂಥಗಳು ಸ್ಪಷ್ಟವಾಗಿ ಎಳೆದಿದ್ದವು. ಅವುಗಳನ್ನು ಓದದೆ ಬಿಟ್ಟದ್ದರ ಫಲವಾಗಿಯೇ ಹೆಮ್ಮೆಯ ಕಥೆಗೂ ಸಮಾಧಾನದ ಕಥೆಗೂ ಇಷ್ಟು ಬೆಲೆ ಬಂದಿದೆ.

ಚರ್ಚೆಯನ್ನು ನೆಲದಿಂದಲೇ ಆರಂಭಿಸುವುದು ಒಳ್ಳೆಯದು. ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ತಾಲ್ಲೂಕಿನಲ್ಲಿ ಯಾಪಲದಿನ್ನಿ ಎಂಬ ಊರಿದೆ. ಗಡಿನಾಡಿನ ತೆಲುಗು ಆಡುಮಾತಿನಲ್ಲಿ ‘ಯಾಪ’ ಎಂದರೆ ಬೇವು. ದಿನ್ನಿ ಎಂದರೆ ದಿಣ್ಣೆ. ಬೇವಿನ ದಿಣ್ಣೆ ಎಂದು ಆ ಹೆಸರನ್ನು ಬಿಡಿಸಬಹುದು. ಎಲ್ಲರೂ ಬಲ್ಲ, ಯಾರೂ ಬಚ್ಚಿಡದ ಮದ್ದೊಂದು ಊರ ಹೆಸರಾಗಿ ನಿಂತಿದೆ. ಇದೇ ಸೀಮೆಯ ತೊಗರಿ ಹೊಲಗಳಲ್ಲಿ ಹೂ ಬಿಡುವ ಕಾಲಕ್ಕೆ ಕಪ್ಪು ಕೆಂಪು ಪಟ್ಟೆಯ ದುಂಬಿಯೊಂದು ಬರುತ್ತದೆ. ಅದನ್ನು ಬೆರಳಲ್ಲಿ ಹಿಸುಕಿದರೆ ಅದರ ರಸ ತಾಗಿದ ಚರ್ಮ ಕೆಲವು ಗಂಟೆಗಳಲ್ಲಿ ಬೊಕ್ಕೆ ಏಳುತ್ತದೆ. ಆ ರಸದಲ್ಲಿರುವ ಕ್ಯಾಂತರಿಡಿನ್ ಎಂಬ ದ್ರವ್ಯವನ್ನೇ ಯೂರೋಪಿನ ವೈದ್ಯರು ಶತಮಾನಗಳ ಕಾಲ ರೋಗಿಗಳ ಮೈಗೆ ಹಚ್ಚಿ, ಹೊರಗೆ ಬೊಕ್ಕೆ ಎದ್ದರೆ ಒಳಗಿನ ದೋಷ ಇಳಿಯುತ್ತದೆ ಎಂದು ನಂಬಿದ್ದರು.

ಅದಕ್ಕಿಂತ ಪರಿಚಿತವಾದದ್ದು ಕೇರು, ಸಂಸ್ಕೃತದ ಭಲ್ಲಾತಕ. ಗೋಡಂಬಿಯ ದಾಯಾದಿಯಾದ ಈ ಕಾಯಿಯ ರಸವನ್ನು ಸುಣ್ಣದೊಡನೆ ಬಳಸಿ ಮಡಿವಾಳರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದರು. ಅದೇ ರಸ ಮೈಗೆ ತಾಗಿದರೆ ಉರಿ, ಊತ, ಬೊಕ್ಕೆ. ಅದೇ ಕಾಯಿ ಚರಕಸಂಹಿತೆಯ ರಸಾಯನಪ್ರಕರಣದಲ್ಲಿ ಬೆಂಕಿಗೆ ಸಮಾನವಾದ, ಆದರೆ ವಿಧಿಯರಿತು ಬಳಸಿದರೆ ಅಮೃತಕ್ಕೆ ಸಮಾನವಾಗುವ ಮದ್ದು. ಕಷಾಯ ಕುಡಿಯುವ ಮುನ್ನ ಬಾಯಿಗೆ ತುಪ್ಪ ಸವರಿಕೊಳ್ಳಬೇಕೆಂದು ಚರಕ ಎಚ್ಚರಿಸುತ್ತಾನೆ. ಕಾಯಿಯನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ಎಣ್ಣೆ ತೆಗೆದು ಶುದ್ಧಿಗೊಳಿಸುವ ಕ್ರಮ ಇಂದಿಗೂ ಆಯುರ್ವೇದದ ಔಷಧಶಾಲೆಗಳಲ್ಲಿದೆ. ಈ ಬಳಕೆಯಲ್ಲಿ ಅಪಾಯವನ್ನು ಮುಚ್ಚಿಟ್ಟಿಲ್ಲ. ಮದ್ದಿನ ವಿಧಿಯೊಳಗೇ ಎಚ್ಚರಿಕೆಯೂ ಸೇರಿದೆ.

ಈಗ ಹೆಮ್ಮೆಯ ಕಥೆಯ ಆಧಾರಗ್ರಂಥವನ್ನು ತೆರೆಯಬಹುದು. ಅರ್ಥಶಾಸ್ತ್ರ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಪ್ರತಿಯನ್ನು ಅಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಮೂಲವನ್ನು 1909ರಲ್ಲಿ, ಇಂಗ್ಲಿಷ್ ಅನುವಾದವನ್ನು 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕರ್ಣಾಟಕದ ವಿದ್ವತ್ತಿಗೆ ಅದು ನಿಜವಾದ ಹೆಮ್ಮೆ. ಆದರೆ ಗ್ರಂಥವನ್ನು ಶೋಧಿಸಿದ ಹೆಮ್ಮೆ ಬೇರೆ, ಗ್ರಂಥದಲ್ಲಿರುವ ವಿಷಯೋಗಗಳ ಹೆಮ್ಮೆ ಬೇರೆ. ಮೊದಲನೆಯದನ್ನು ಎರಡನೆಯದಕ್ಕೆ ಬಂಡವಾಳ ಮಾಡಿಕೊಳ್ಳುವವರು ಹದಿನಾಲ್ಕನೆಯ ಅಧಿಕರಣವನ್ನು ಪೂರ್ತಿಯಾಗಿ ಓದಿದ್ದರೆ ಅಷ್ಟು ಸುಲಭವಾಗಿ ಎದೆ ಉಬ್ಬಿಸುತ್ತಿರಲಿಲ್ಲ.

ಆ ಅಧಿಕರಣದ ಹೆಸರು ಔಪನಿಷದಿಕ, ಎಂದರೆ ಗುಟ್ಟಿನ ಪ್ರಯೋಗಗಳು. ಕಪ್ಪೆ, ಹಲ್ಲಿ, ಗೋಸುಂಬೆ, ಹುಳುಗಳ ಚೂರ್ಣವನ್ನು ಭಲ್ಲಾತಕದ ಮತ್ತು ಅವಲ್ಗುಜದ ರಸದಲ್ಲಿ ಬೆರೆಸಿದರೆ ಕೂಡಲೇ ಪ್ರಾಣ ತೆಗೆಯುತ್ತದೆ, ಅದರ ಹೊಗೆಯೂ ಹಾಗೆಯೇ ಎಂಬ ಯೋಗ ಅದರ ಆರಂಭದಲ್ಲಿಯೇ ಬರುತ್ತದೆ. ಅವಲ್ಗುಜವೆಂದರೆ ಬಾವಂಚಿ. ತೊನ್ನಿಗೆ ಇಂದಿಗೂ ಬಳಕೆಯಲ್ಲಿರುವ ಮದ್ದು. ಅದರಲ್ಲಿರುವ ಸೋರಲೆನ್ ಎಂಬ ದ್ರವ್ಯ ಬಿಸಿಲಿನೊಡನೆ ಸೇರಿ, ಪ್ರಮಾಣ ತಪ್ಪಿದರೆ, ಚರ್ಮದಲ್ಲಿ ಬೊಕ್ಕೆ ಎಬ್ಬಿಸುತ್ತದೆ. ವೈದ್ಯನ ಪೆಟ್ಟಿಗೆಯಿಂದ ತೆಗೆದ ಎರಡು ದ್ರವ್ಯಗಳು ಕೊಲೆಯ ಯೋಗಕ್ಕೆ ಜೋಡಿಯಾಗಿ ನಿಂತಿವೆ. ಹಲ್ಲಿಯ ಪುಡಿಯಿಂದ ಸೈನ್ಯವೊಂದು ಸಾಯುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಆ ಯೋಗಗಳನ್ನು ನಡೆಸುವ ಬಗೆ ಮುಖ್ಯ. ನಂಬಿಕೆ ಹುಟ್ಟಿಸುವ ದೇಶ, ವೇಷ, ಕಸುಬು, ಭಾಷೆಗಳನ್ನು ತೋರಿಸಿಕೊಂಡವರು ವಿಷವಿಕ್ಕಬೇಕು; ಗೂನರು, ಕುಳ್ಳರು, ಮೂಕರು, ಕಿವುಡರು, ಕುರುಡರು ಎಂದು ಕಾಣುವವರನ್ನು ಅದಕ್ಕೆ ಬಳಸಬೇಕು. ಯಾರನ್ನು ಕಂಡರೆ ಜನ ಸಂಶಯಪಡುವುದಿಲ್ಲವೋ ಅವರ ಕೈಯಲ್ಲಿ ವಿಷವಿರಬೇಕು. ಇಲ್ಲಿ ಆಯುಧವೆಂದರೆ ಭಲ್ಲಾತಕಕ್ಕಿಂತ ಹೆಚ್ಚಾಗಿ ಬಲಿಯಾಗುವವನ ಅಜ್ಞಾನ.

ಕೌಟಿಲ್ಯನ ಪಕ್ಷದವರು ಎರಡು ಉತ್ತರ ಕೊಡಬಹುದು. ಚಾತುರ್ವರ್ಣ್ಯದ ರಕ್ಷಣೆಗಾಗಿ ಅಧರ್ಮಿಷ್ಠರ ಮೇಲೆ ಮಾತ್ರ ಈ ಪ್ರಯೋಗವೆಂದು ಗ್ರಂಥ ಮೊದಲಲ್ಲಿಯೇ ಹೇಳುತ್ತದೆ ಎಂಬುದು ಒಂದು. ಹೇಳುವುದು ನಿಜ. ಆದರೆ ಅಧರ್ಮಿಷ್ಠರು ಯಾರೆಂದು ತೀರ್ಮಾನಿಸುವವನು ವಿಷವನ್ನು ಕೈಯಲ್ಲಿ ಹಿಡಿದವನೇ ಆಗಿರುವಾಗ ಆ ನಿಬಂಧನೆ ಯಾರನ್ನು ಕಾಪಾಡಿತು? ಶತ್ರು ಅಧರ್ಮಿ ಎಂದು ಹೇಳದೆ ವಿಷವನ್ನು ಬಳಸಿದ ರಾಜ್ಯ ಜಗತ್ತಿನಲ್ಲಿ ಒಂದೂ ಇಲ್ಲ. ಅಧಿಕರಣದ ಕೊನೆಯಲ್ಲಿ ಪ್ರತಿವಿಷಗಳನ್ನೂ ಹೇಳಿದೆಯಲ್ಲ ಎಂಬುದು ಇನ್ನೊಂದು ಉತ್ತರ. ಅದೂ ನಿಜ. ಆ ಪ್ರಕರಣದ ಹೆಸರು ಸ್ವಬಲೋಪಘಾತಪ್ರತೀಕಾರ: ತನ್ನ ಸೈನ್ಯಕ್ಕೆ ಒದಗಿದ ಹಾನಿಗೆ ಪರಿಹಾರ. ಮದ್ದು ಇದೆ, ಆದರೆ ತನ್ನವರಿಗೆ ಮಾತ್ರ. ಗುಟ್ಟಿನ ವಿಷಕ್ಕೆ ಗುಟ್ಟಿನ ಮದ್ದು.

ಈ ಗ್ರಂಥಕ್ಕೆ ಋಣಿಯಾಗಿದ್ದೂ ಬೇರೆ ದಾರಿ ಹಿಡಿದವನು ಸೋಮದೇವಸೂರಿ. ವೇಮುಲವಾಡದ ಚಾಳುಕ್ಯರ ಆಶ್ರಯದಲ್ಲಿ 10ನೆಯ ಶತಮಾನದಲ್ಲಿ ಬಾಳಿದ ಈ ಜೈನ ಆಚಾರ್ಯ ತನ್ನ ನೀತಿವಾಕ್ಯಾಮೃತದಲ್ಲಿ ಕೌಟಿಲ್ಯನ ರಾಜನೀತಿಯನ್ನು ಧಾರಾಳವಾಗಿ ಬಳಸಿಕೊಂಡ. ಮಂತ್ರಿ, ಸೇನಾಪತಿ, ದೂತ, ದುರ್ಗ, ಕೋಶ, ಷಾಡ್ಗುಣ್ಯ, ಯುದ್ಧ ಎಲ್ಲಕ್ಕೂ ಅಲ್ಲಿ ಸಮುದ್ದೇಶಗಳುಂಟು. ಮೂವತ್ತೆರಡು ಸಮುದ್ದೇಶಗಳಲ್ಲಿ ಔಪನಿಷದಿಕಕ್ಕೆ ಮಾತ್ರ ಒಂದೂ ಇಲ್ಲ. ಗೂಢಚಾರರ ಪಟ್ಟಿಯಲ್ಲಿ ವಿಷವಿಕ್ಕುವವನ ಹೆಸರು ಅಲ್ಲಿಯೂ ಉಳಿದಿದೆ. ಆದ್ದರಿಂದ ಸೋಮದೇವನನ್ನು ನಿಷ್ಕಳಂಕನೆಂದು ಸಾರುವುದು ಬೇಡ. ಆದರೆ ರಾಜನೀತಿಯ ಗ್ರಂಥವೊಂದು ವಿಷಯೋಗಗಳ ಪ್ರಕರಣವಿಲ್ಲದೆಯೂ ಪೂರ್ಣವಾಗಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಅರ್ಥಶಾಸ್ತ್ರದ ಪ್ರಭಾವವನ್ನು ಅಳೆಯುವ ಸಂಶೋಧಕರು ಸೋಮದೇವ ಏನನ್ನು ತೆಗೆದುಕೊಂಡ ಎಂದು ಪಟ್ಟಿ ಮಾಡುತ್ತಾರೆ. ಏನನ್ನು ಬಿಟ್ಟ ಎಂಬ ಪಟ್ಟಿಗೂ ಅಷ್ಟೇ ಬೆಲೆ ಇದೆ.

ಬಿಟ್ಟದ್ದರ ಹಿಂದೆ ಒಂದು ತತ್ತ್ವವಿದೆ. ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಪೂಜ್ಯಪಾದರು ಅನರ್ಥದಂಡವನ್ನು, ಎಂದರೆ ನಿಷ್ಪ್ರಯೋಜಕವಾದ ಪಾಪಕ್ರಿಯೆಯನ್ನು, ವಿವರಿಸುತ್ತ ಹಿಂಸಾಪ್ರದಾನವನ್ನು ಎಣಿಸುತ್ತಾರೆ. ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಆ ದೋಷ. ಕೊಡಬಾರದ ವಸ್ತುಗಳ ಪಟ್ಟಿಯಲ್ಲಿ ಮೊದಲು ಬರುವುದು ವಿಷ. ಶಸ್ತ್ರ, ಬೆಂಕಿ, ಹಗ್ಗ, ಚಾವಟಿ, ದೊಣ್ಣೆಗಳು ಆಮೇಲೆ. ಶ್ರಾವಕನಿಗೆ ನಿಷಿದ್ಧವೆಂದು ಎಣಿಸಿದ ಹದಿನೈದು ಕಸುಬುಗಳಲ್ಲಿ ವಿಷವಾಣಿಜ್ಯವೂ ಒಂದು. ದ್ರವ್ಯಕ್ಕೆ ದೋಷವಿಲ್ಲ, ಬಳಸುವವನ ಮನಸ್ಸಿಗೆ ಮಾತ್ರ ದೋಷ ಎಂಬ ಸುಲಭದ ಮಾತನ್ನು ಈ ಶಾಸ್ತ್ರ ಒಪ್ಪುವುದಿಲ್ಲ. ತಯಾರಿಸಿದವನು, ಮಾರಿದವನು, ಕೈಗಿತ್ತವನು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಹಾಗೆಂದು ಜೈನ ಗ್ರಂಥಕಾರರು ವಿಷವಿದ್ಯೆಯಿಂದ ಮುಖ ತಿರುಗಿಸಲಿಲ್ಲ. ಇಲ್ಲಿಯೇ ಅವರ ವಿವೇಕವಿರುವುದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯ ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ವಿಷಚಿಕಿತ್ಸೆಗೆ ಸ್ಥಳ ಕೊಟ್ಟ; ಚರ್ಮವನ್ನು ಸುಡುವ ಕ್ಷಾರಕರ್ಮ, ಅಗ್ನಿಕರ್ಮಗಳನ್ನೂ ಹೇಳಿದ. ಮಾಂಸ, ಮದ್ಯ, ಮಧುಗಳನ್ನು ಮಾತ್ರ ಮದ್ದಿನಿಂದ ಹೊರಗಿಟ್ಟು, ಆ ನಿಲುವನ್ನು ನೃಪತುಂಗವಲ್ಲಭನ ಸಭೆಯಲ್ಲಿ ವೈದ್ಯರೆದುರು ಸಮರ್ಥಿಸಿದ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಸುಮಾರು 1360ರಲ್ಲಿ ಒಂದನೆಯ ಮಂಗರಾಜ ಖಗೇಂದ್ರಮಣಿದರ್ಪಣವನ್ನು ಬರೆದ: ಹದಿನಾರು ಅಧಿಕಾರಗಳ, ವಿಷಕ್ಕಾಗಿಯೇ ಮೀಸಲಾದ ಕನ್ನಡ ಕಾವ್ಯ. ಗಿಡಮೂಲಿಕೆ ಖನಿಜಗಳ ಸ್ಥಾವರವಿಷ, ಹಾವು ಚೇಳು ಇಲಿಗಳ ಜಂಗಮವಿಷ, ಅವುಗಳ ಲಕ್ಷಣ, ಅವುಗಳಿಗೆ ಮದ್ದು ಇದರ ವಸ್ತು.

ಔಪನಿಷದಿಕವನ್ನೂ ದರ್ಪಣವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದೇ ವಿದ್ಯೆ ಎರಡು ದಿಕ್ಕಿಗೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ಅಲ್ಲಿ ಓದುಗ ವಿಷವಿಕ್ಕುವವನು. ಇಲ್ಲಿ ಓದುಗ ವಿಷವೇರಿದವನ ಪಕ್ಕದಲ್ಲಿ ಕುಳಿತವನು. ಅಲ್ಲಿ ದ್ರವ್ಯದಿಂದ ಆರಂಭಿಸಿ ಪರಿಣಾಮಕ್ಕೆ ಹೋಗುತ್ತಾರೆ. ಇಲ್ಲಿ ಮೈಮೇಲೆ ಕಂಡ ಲಕ್ಷಣದಿಂದ ಮದ್ದಿಗೆ ಹೋಗುತ್ತಾರೆ. ಅಲ್ಲಿನ ಭಾಷೆ ಮಂತ್ರಾಲೋಚನೆಯ ಕೋಣೆಯ ಸಂಸ್ಕೃತ. ಇಲ್ಲಿನದು ಕಂದ ವೃತ್ತಗಳ, ಬಾಯಿಪಾಠಕ್ಕೆ ಒದಗುವ ಕನ್ನಡ. ಸಂಸ್ಕೃತದಲ್ಲಿ ಅಗದತಂತ್ರ ಇದ್ದೂ ಮಂಗರಾಜ ಕನ್ನಡದಲ್ಲಿ ಬರೆದದ್ದನ್ನು ಭಾಷಾಭಿಮಾನವೆಂದು ಮಾತ್ರ ಓದುವುದು ಸಾಲದು. ಹಾವು ಕಡಿಸಿಕೊಂಡವನಿಗೆ ತಿಳಿಯುವ ಮಾತಿನಲ್ಲಿ ವಿಷದ ಹೆಸರಿರಬೇಕು ಎಂಬ ಧರ್ಮವೂ ಅದರಲ್ಲಿದೆ. ಗರುಡಮಣಿಯ ಕನ್ನಡಿ ಎಂಬ ಹೆಸರನ್ನು ಗಮನಿಸಬೇಕು. ಕನ್ನಡಿಯ ಕೆಲಸ ತೋರಿಸುವುದು.

ಇಂಥ ಗ್ರಂಥವನ್ನು ಸಾಹಿತ್ಯಚರಿತ್ರೆಗಳು ಹೇಗೆ ನಡೆಸಿಕೊಂಡಿವೆ? ‘ಶಾಸ್ತ್ರಸಾಹಿತ್ಯ’ ಎಂಬ ತಲೆಬರಹದ ಕೆಳಗೆ ಹೆಸರು, ಕಾಲ, ಆಶ್ರಯದಾತ, ಗ್ರಂಥದ ಅಧಿಕಾರಗಳ ಸಂಖ್ಯೆ. ಅಲ್ಲಿಗೆ ಮುಗಿಯಿತು. ಮದರಾಸು ವಿಶ್ವವಿದ್ಯಾನಿಲಯ ಇದನ್ನು ಮುದ್ರಿಸಿ ದಶಕಗಳೇ ಕಳೆದರೂ ಸ್ನಾತಕೋತ್ತರ ವಿದ್ಯಾರ್ಥಿಗೆ ಅದು ಪರೀಕ್ಷೆಯ ಒಂದು ಅಂಕದ ಉತ್ತರ. ಕಾವ್ಯಗುಣವಿಲ್ಲವೆಂದು ವಿಮರ್ಶಕರು ಬಿಟ್ಟರು. ವಿಜ್ಞಾನವಲ್ಲವೆಂದು ವೈದ್ಯರು ಬಿಟ್ಟರು. ಪಂಪನ ಯುದ್ಧವರ್ಣನೆಗೆ ನೂರು ಪ್ರಬಂಧಗಳಿರುವ ನಾಡಿನಲ್ಲಿ ಗಾಯಗೊಂಡ ಮೈಯನ್ನು ಕುರಿತ ಕಾವ್ಯಕ್ಕೆ ಓದುಗರಿಲ್ಲ. ಖಾಲಿ ಬಿಟ್ಟ ಜಾಗದಲ್ಲಿಯೇ ಪುರಾತನ ರಾಸಾಯನಿಕ ಯುದ್ಧದ ಹೆಮ್ಮೆ ಬಂದು ಕುಳಿತದ್ದು.

ಒಂದು ಆಕ್ಷೇಪ ನ್ಯಾಯವಾದದ್ದು. ವಿಷದ ಲಕ್ಷಣವನ್ನೆಲ್ಲ ತಾಯ್ನುಡಿಯಲ್ಲಿ ಬರೆದಿಟ್ಟರೆ ಕೊಲೆಗಡುಕನೂ ಓದುವುದಿಲ್ಲವೇ? ಓದುತ್ತಾನೆ. ಕೇರಿನ ರಸವನ್ನು ಮೈಗೆ ಹಚ್ಚಿ ಏಟಿನ ಗಾಯವೆಂದು ತೋರಿಸಿ ಸುಳ್ಳು ದೂರು ಕೊಡುತ್ತಿದ್ದ ಸಂಗತಿಯನ್ನು ಭಾರತದ ನ್ಯಾಯವೈದ್ಯದ ಪಠ್ಯಗಳೇ ದಾಖಲಿಸಿವೆ. ಆದರೆ ಆ ಮೋಸವನ್ನು ಬಯಲಿಗೆಳೆಯಲು ಸಾಧ್ಯವಾದದ್ದೂ ಆ ರಸದ ಗುಣ ಎಲ್ಲರಿಗೂ ತಿಳಿದಿದ್ದುದರಿಂದಲೇ. ಕೊಲ್ಲುವವನಿಗೆ ಒಂದು ವಿಷದ ಹೆಸರು ಸಾಕು, ಅದನ್ನು ಅವನು ಹೇಗಾದರೂ ಸಂಪಾದಿಸುತ್ತಾನೆ. ಉಳಿಸುವವನಿಗೆ ಎಲ್ಲ ವಿಷಗಳ ಹೆಸರೂ ಬೇಕು. ಗುಟ್ಟಿನಿಂದ ಹೆಚ್ಚು ನಷ್ಟವಾಗುವುದು ಯಾವಾಗಲೂ ಉಳಿಸುವವನಿಗೆ.

ಇದು ಬರಿಯ ಊಹೆಯಲ್ಲ. 20ನೆಯ ಶತಮಾನ ಇದನ್ನು ಮನುಷ್ಯರ ಮೈಮೇಲೆ ಪ್ರಯೋಗಿಸಿ ತೋರಿಸಿದೆ. 1917ರ ಜುಲೈ 12ರ ರಾತ್ರಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಸಾಸಿವೆ ಅನಿಲವನ್ನು ಮೊದಲ ಬಾರಿಗೆ ಪ್ರಯೋಗಿಸಿತು. ಹೆಸರಿನಲ್ಲಿರುವ ಸಾಸಿವೆಯೂ ಸುಳ್ಳು, ಅನಿಲವೂ ಸುಳ್ಳು. ಅದು ಗಂಧಕ ಕ್ಲೋರಿನ್‌ಗಳಿರುವ ಎಣ್ಣೆಯಂಥ ದ್ರವ. ವಾಸನೆ ಮಾತ್ರ ಸಾಸಿವೆಯದೋ ಬೆಳ್ಳುಳ್ಳಿಯದೋ. ತಾಗಿದ ಕೂಡಲೇ ನೋವಿಲ್ಲ. ಗಂಟೆಗಳು ಕಳೆದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತದೆ, ಚರ್ಮ ಕೆಂಪೇರಿ ಬೊಕ್ಕೆ ಏಳುತ್ತದೆ, ಶ್ವಾಸನಾಳ ಸುಟ್ಟುಹೋಗುತ್ತದೆ. ತನ್ನ ಇರವನ್ನೇ ಮರೆಸುವುದು ಆ ದ್ರವ್ಯದ ಸ್ವಭಾವ. ರಾಜ್ಯಗಳು ಆ ಸ್ವಭಾವಕ್ಕೆ ತಮ್ಮ ಗುಟ್ಟನ್ನೂ ಸೇರಿಸಿದವು. 1925ರ ಜಿನೀವಾ ಒಡಂಬಡಿಕೆ ಬಳಕೆಯನ್ನು ನಿಷೇಧಿಸಿತು; ತಯಾರಿಕೆಯನ್ನು, ಕೂಡಿಡುವುದನ್ನು ಮುಟ್ಟಲಿಲ್ಲ. ಹಿಂಸಾಪ್ರದಾನದ ದೋಷವನ್ನು ಬರೆದ ಪೂಜ್ಯಪಾದರಿಗೆ ಆ ಒಡಂಬಡಿಕೆಯ ತೂತು ಕೂಡಲೇ ಕಾಣುತ್ತಿತ್ತು.

1930ರ ದಶಕದಿಂದ ಬ್ರಿಟಿಷ್ ವಿಜ್ಞಾನಿಗಳು ರಾವಲ್ಪಿಂಡಿಯಲ್ಲಿ ಭಾರತೀಯ ಸಿಪಾಯಿಗಳನ್ನು ಚಡ್ಡಿ, ಹತ್ತಿಯ ಅಂಗಿಗಳಲ್ಲಿ ಈ ಅನಿಲ ತುಂಬಿದ ಕೋಣೆಗಳಿಗೆ ಕಳುಹಿಸಿದರು. ಭಾರತೀಯರ ಚರ್ಮಕ್ಕೆ ಬಿಳಿಯರ ಚರ್ಮಕ್ಕಿಂತ ಹೆಚ್ಚು ಹಾನಿಯಾಗುತ್ತದೆಯೇ ಎಂದು ತಿಳಿಯುವುದು ಉದ್ದೇಶಗಳಲ್ಲಿ ಒಂದಾಗಿತ್ತು. ತೀವ್ರವಾದ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರಿದ್ದರು. ಈ ದಾಖಲೆಗಳು ಸಾರ್ವಜನಿಕ ಚರ್ಚೆಗೆ ಬಂದದ್ದು 2007ರಲ್ಲಿ. ಇಲ್ಲಿಯೂ ನೆಪ ಪ್ರತೀಕಾರದ್ದೇ: ಸ್ವಬಲವನ್ನು ಉಳಿಸಿಕೊಳ್ಳುವುದು. ಆದರೆ ಆ ಸಿಪಾಯಿ ‘ಸ್ವಬಲ’ದ ಒಳಗಿದ್ದನೋ ಹೊರಗಿದ್ದನೋ?

1943ರಲ್ಲಿ ಎರಡು ಘಟನೆಗಳು ಜೋಡಿಯಾಗಿ ನಿಲ್ಲುತ್ತವೆ. ಯುದ್ಧಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಕುತ್ತಿಗೆ, ಸೊಂಟಗಳಲ್ಲಿ ಕಾರಣ ತಿಳಿಯದ ಉರಿ, ಬೊಕ್ಕೆಗಳು ಕಾಣಿಸಿಕೊಂಡವು. ಅವರ ಸೇನಾವೈದ್ಯರು ಹುಡುಕಿ, ಅಗಸರು ಬಟ್ಟೆಗೆ ಹಾಕಿದ ಕೇರಿನ ಗುರುತೇ ಕಾರಣವೆಂದು ಕಂಡು, ಅದೇ ವರ್ಷ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರಣ ತಿಳಿದದ್ದೇ ಅರ್ಧ ಚಿಕಿತ್ಸೆಯಾಯಿತು. ಅದೇ ವರ್ಷದ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ದಾಳಿ ಮಾಡಿದವು. ಮುಳುಗಿದ ಹಡಗುಗಳಲ್ಲೊಂದಾದ ಅಮೆರಿಕದ ಜಾನ್ ಹಾರ್ವೆಯಲ್ಲಿ ಸುಮಾರು 2000 ಸಾಸಿವೆ ಅನಿಲದ ಬಾಂಬುಗಳಿದ್ದವು. ಆ ಸಂಗತಿ ಪರಮ ಗುಟ್ಟು. ಎಣ್ಣೆ ತುಂಬಿದ ನೀರಿನಲ್ಲಿ ಈಜಿ ಬಂದ ನಾವಿಕರನ್ನು ನೆನೆದ ಬಟ್ಟೆಯಲ್ಲಿಯೇ ಕಂಬಳಿ ಹೊದಿಸಿ ಮಲಗಿಸಲಾಯಿತು. ಬಟ್ಟೆ ತೆಗೆದು ಮೈ ತೊಳೆದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ಯಾವ ವಿಷವೆಂದು ವೈದ್ಯರಿಗೆ ಯಾರೂ ಹೇಳಲಿಲ್ಲ. ಲಕ್ಷಣಗಳಿಂದಲೇ ಅದನ್ನು ಗುರುತಿಸಿದವನು ಸ್ಟೂವರ್ಟ್ ಅಲೆಕ್ಸಾಂಡರ್ ಎಂಬ ಅಮೆರಿಕದ ಸೇನಾವೈದ್ಯ. ಆಸ್ಪತ್ರೆ ಸೇರಿದ 628 ಜನರಲ್ಲಿ ತಿಂಗಳು ಮುಗಿಯುವಷ್ಟರಲ್ಲಿ 83 ಜನ ಸತ್ತಿದ್ದರು. ಊರಿನ ನಾಗರಿಕರು ಆ ಲೆಕ್ಕದಲ್ಲಿ ಸೇರಿಲ್ಲ. ಆಮೇಲೆಯೂ ವರದಿಯನ್ನು ಮುಚ್ಚಿಡಲಾಯಿತು. ಬ್ರಿಟಿಷ್ ದಾಖಲೆಗಳಲ್ಲಿ ಶತ್ರುವಿನ ದಾಳಿಯಿಂದಾದ ಸುಟ್ಟಗಾಯ ಎಂದು ಬರೆಯಿಸಲಾಯಿತು. ಅಗಸನ ಗುರುತಿನ ಬೊಕ್ಕೆಗೆ ಸಿಕ್ಕ ನ್ಯಾಯ ಬಾಂಬಿನ ಬೊಕ್ಕೆಗೆ ಸಿಗಲಿಲ್ಲ.

ಸಮಾಧಾನದ ಕಥೆ ಹುಟ್ಟುವುದು ಇದೇ ಬಾರಿಯಿಂದ. ಸತ್ತವರ ರಕ್ತದಲ್ಲಿ ಬಿಳಿಕಣಗಳು ನಾಶವಾಗಿದ್ದುದನ್ನು ಅಲೆಕ್ಸಾಂಡರ್ ಗಮನಿಸಿದ, ಅದರಿಂದ ರಕ್ತದ ಕ್ಯಾನ್ಸರಿಗೆ ಮದ್ದಿನ ದಾರಿ ತೆರೆಯಿತು ಎನ್ನುತ್ತಾರೆ. ಕಾಲಕ್ರಮವೇ ಇದನ್ನು ಒಪ್ಪುವುದಿಲ್ಲ. ಸಾಸಿವೆ ಅನಿಲ ಬಿಳಿಕಣಗಳನ್ನು ನಾಶಮಾಡುತ್ತದೆ ಎಂಬ ಸಂಗತಿ ಮೊದಲ ಮಹಾಯುದ್ಧದ ರೋಗಿಗಳಿಂದ 1919ರಲ್ಲಿಯೇ ಪ್ರಕಟವಾಗಿತ್ತು. ಬಾರಿಗೆ ಒಂದು ವರ್ಷಕ್ಕೂ ಮೊದಲು, 1942ರ ಆಗಸ್ಟಿನಲ್ಲಿ, ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್, ಗಿಲ್‌ಮನ್ ಮತ್ತು ಸಂಗಡಿಗರ ಸಂಶೋಧನೆಯಂತೆ ಜೆ.ಡಿ. ಎಂದು ಮಾತ್ರ ದಾಖಲೆಯಲ್ಲಿರುವ ರೋಗಿಯೊಬ್ಬನಿಗೆ ನೈಟ್ರೋಜನ್ ಮಸ್ಟರ್ಡ್ ಕೊಡಲಾಗಿತ್ತು. ಗಡ್ಡೆಗಳು ಕರಗಿದವು, ಮತ್ತೆ ಬಂದವು; ಡಿಸೆಂಬರಿನಲ್ಲಿ ರೋಗಿ ತೀರಿಕೊಂಡ. ಯುದ್ಧದ ಗುಟ್ಟಿನ ಕಾರಣ ಚಿಕಿತ್ಸಾಪತ್ರದಲ್ಲಿ ಮದ್ದಿನ ಹೆಸರು ಇರಲಿಲ್ಲ, ‘ಎಕ್ಸ್’ ಎಂಬ ಅಕ್ಷರವಿತ್ತು. ಫಲಿತಾಂಶ ಪ್ರಕಟವಾದದ್ದು 1946ರಲ್ಲಿ. ಇತರ ವೈದ್ಯರು ಅದನ್ನು ಪರೀಕ್ಷಿಸಿ, ತಿದ್ದಿ, ಸೈಕ್ಲೋಫಾಸ್ಫಮೈಡ್‌ನಂಥ ಮದ್ದುಗಳಿಗೆ ಮುಂದುವರಿದದ್ದು ಆ ಪ್ರಕಟಣೆಯ ನಂತರ. ವಿಷವನ್ನು ಮದ್ದಿನ ಕಡೆಗೆ ತಿರುಗಿಸಿದ್ದು ಯುದ್ಧವಲ್ಲ, ಗುಟ್ಟು ಒಡೆದದ್ದು. ಯುದ್ಧ ಮಾಡಿದ್ದು ತಡಮಾಡಿಸುವ ಕೆಲಸ. ಅಮೃತದ ಕಥೆ ಹೇಳುವವರು ಬಾರಿಯ ಸತ್ತ ನಾವಿಕರನ್ನು ದಾನಿಗಳನ್ನಾಗಿ ಮಾಡಿ, ಅವರನ್ನು ಕೊಂದ ಮೌನಕ್ಕೆ ಕ್ಷಮಾಪತ್ರ ಬರೆದುಕೊಡುತ್ತಿದ್ದಾರೆ.

ಇಂದಿನ ಕ್ಯಾನ್ಸರ್ ಆಸ್ಪತ್ರೆಯ ವಾರ್ಡಿನಲ್ಲಿ ಇದೇ ಸಂಗತಿ ದಿನವೂ ಸಾಬೀತಾಗುತ್ತದೆ. ರಕ್ತನಾಳದಿಂದ ಹೊರಗೆ ಸೋರಿದರೆ ಬೊಕ್ಕೆ ಎಬ್ಬಿಸಿ ಮಾಂಸವನ್ನು ಸುಡುವ ಮದ್ದುಗಳಿಗೆ ದಾದಿಯರ ಪರಿಭಾಷೆಯಲ್ಲಿ ‘ವೆಸಿಕೆಂಟ್’ ಎಂದೇ ಹೆಸರು. ಯುದ್ಧಶಾಸ್ತ್ರದಲ್ಲಿ ಸಾಸಿವೆ ಅನಿಲದ ವರ್ಗಕ್ಕೂ ಅದೇ ಹೆಸರು. ರಾಯಚೂರು ಸೀಮೆಯಿಂದ ಬೆಂಗಳೂರಿನ ಕಿದ್ವಾಯಿಗೋ ಹೈದರಾಬಾದಿಗೋ ಹೋದ ರೋಗಿಯ ಕೈಗೆ ಸೂಜಿ ಚುಚ್ಚುವ ದಾದಿ, ಉರಿದರೆ ಕೂಡಲೇ ಹೇಳಬೇಕು ಎಂದು ಎಚ್ಚರಿಸಬೇಕಾದದ್ದು ಅವಳ ವೃತ್ತಿಯ ನಿಯಮ. ಚರಕನ ತುಪ್ಪಕ್ಕೂ ಆ ಎಚ್ಚರಿಕೆಗೂ ಸಂಬಂಧವಿದೆ. ಆ ಒಂದು ಮಾತೇ ವಿಷವನ್ನು ಮದ್ದಾಗಿ ಉಳಿಸಿರುವುದು.

ಅಹಿಂಸೆಯ ನಾಡು ಎಂಬ ಹೆಸರಿಗೂ ಇಲ್ಲಿ ಲೆಕ್ಕ ಕೊಡುವುದಿದೆ. 1992ರ ಆಗಸ್ಟಿನಲ್ಲಿ ಭಾರತ ಪಾಕಿಸ್ತಾನಗಳು ರಾಸಾಯನಿಕ ಅಸ್ತ್ರಗಳನ್ನು ಪೂರ್ಣವಾಗಿ ನಿಷೇಧಿಸುವ ಜಂಟಿ ಘೋಷಣೆಗೆ ಸಹಿ ಹಾಕಿದವು. 1997ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಜಾರಿಯಾದಾಗ ಭಾರತ ತನ್ನಲ್ಲಿ 1044 ಟನ್ ಸಾಸಿವೆ ಅನಿಲವಿದೆ ಎಂದು ಪ್ರಕಟಿಸಿತು. 2009ರ ವೇಳೆಗೆ ಅದನ್ನೆಲ್ಲ ನಾಶಮಾಡಿತು. ನಾಶಮಾಡಿದ್ದು ಹೊಗಳಬೇಕಾದ ಕೆಲಸ. ಅದು ಸಾಧ್ಯವಾದದ್ದು ಮಾತ್ರ ಲೆಕ್ಕ ಬಿಚ್ಚಿಟ್ಟ ಮೇಲೆ, ಹೊರಗಿನ ಪರಿವೀಕ್ಷಕರ ಕಣ್ಣೆದುರು ಎಂಬುದನ್ನು ಮರೆಯಬಾರದು.

ಜೈನ ಸಮಾಜವೂ ಈ ಲೆಕ್ಕದಿಂದ ಹೊರತಲ್ಲ. ಮಂಗರಾಜನನ್ನು ಹೊಗಳುವುದು ಸುಲಭ. ಅವನ ಧರ್ಮವನ್ನು ಪಾಲಿಸುವುದು ಕಷ್ಟ. ಮೂಡಬಿದಿರೆಯ ಧವಲಾದಿ ತಾಳೆಗರಿಗಳು ದರ್ಶನಕ್ಕಷ್ಟೇ ಹೊರಬರುತ್ತ ಶತಮಾನಗಳ ಕಾಲ ಓದುಗರಿಗೆ ಮುಚ್ಚಿದ್ದವು. ಧವಲೆ ಮುದ್ರಣಕ್ಕೆ ಬರಲು 1939ರವರೆಗೆ ಕಾಯಬೇಕಾಯಿತು. ಹೇಳಿದರೆ ಗುಣ ಹೋಗುತ್ತದೆ ಎಂದು ಮದ್ದಿನ ಹೆಸರನ್ನೇ ಹೇಳದೆ ಸತ್ತ ನಾಟಿವೈದ್ಯರು ಎಲ್ಲ ಜಾತಿಗಳಲ್ಲಿಯೂ ಇದ್ದಾರೆ. ಗ್ರಂಥಕ್ಕೆ ಪೂಜೆ ಸಲ್ಲಿಸಿ ಓದನ್ನು ತಡೆಯುವುದೂ ಔಪನಿಷದಿಕದ ಒಂದು ಬಗೆ. ವಿಷವಾಣಿಜ್ಯವನ್ನು ವ್ರತದ ಪುಸ್ತಕದಲ್ಲಿ ಓದಿ, ಅಂಗಡಿಯ ಕಪಾಟಿನಲ್ಲಿ ಏನಿದೆ ಎಂದು ನೋಡದಿರುವುದೂ ಹಾಗೆಯೇ.

ಆ ಕಪಾಟಿನ ಸರಕು ಯಾಪಲದಿನ್ನಿಯಂಥ ಊರುಗಳ ಎರೆಹೊಲಗಳಿಗೆ ಹೋಗುತ್ತದೆ. ಹತ್ತಿ ತೊಗರಿಗಳ ಈ ಸೀಮೆಯಲ್ಲಿ ಬೊಕ್ಕೆಯ ವಿಷ ಈಗ ಕೇರಿನ ಮರದಲ್ಲಿಲ್ಲ, ಬಾಟಲಿಯಲ್ಲಿದೆ. ಕಳೆನಾಶಕವಾದ ಪ್ಯಾರಾಕ್ವಾಟಿನ ದಪ್ಪದ್ರವ ಮೈಗೆ ತಾಗಿ ಉಳಿದರೆ ಚರ್ಮ ಸುಡುತ್ತದೆ, ಬೊಕ್ಕೆ ಏಳುತ್ತದೆ. ಹೊಟ್ಟೆಗೆ ಹೋದರೆ ಅದಕ್ಕೆ ನಿರ್ದಿಷ್ಟವಾದ ಪ್ರತಿವಿಷವೇ ಇಲ್ಲ. 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳ ಪ್ರಕಾರ ಬಾಟಲಿಯ ಮೇಲೆ ವಿಷದ ತೀವ್ರತೆಯನ್ನು ಸಾರುವ ಬಣ್ಣದ ತ್ರಿಕೋನವಿರಬೇಕು. ಜೊತೆಗಿರುವ ಕರಪತ್ರ ವಿಷದ ಲಕ್ಷಣ, ಎಚ್ಚರಿಕೆ, ಪ್ರತಿವಿಷಗಳನ್ನು ಹಿಂದಿ ಇಂಗ್ಲಿಷಿನ ಜೊತೆ ಪ್ರಾದೇಶಿಕ ಭಾಷೆಯಲ್ಲಿಯೂ ಹೇಳಬೇಕು. ಕಾನೂನು ಬರೆದವರು ತಿಳಿದೋ ತಿಳಿಯದೆಯೋ ಮಂಗರಾಜನ ಕೆಲಸವನ್ನೇ ಮಾಡಿದರು. ಆದರೆ ಕೂದಲೆಳೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ತಂದ ಕನ್ನಡದಲ್ಲಿ, ಮಡಿಚಿ ಎಸೆಯುವ ಕಾಗದದಲ್ಲಿ ಹೇಳಿದ ಸತ್ಯ ಹೇಳದ ಗುಟ್ಟಿಗಿಂತ ಬಹಳ ಮೇಲಲ್ಲ. ಆರು ಶತಮಾನಗಳ ಹಿಂದೆ ಬಾಯಿಪಾಠವಾಗುವ ಕಂದದಲ್ಲಿ ವಿಷದ ಲಕ್ಷಣ ಹೇಳಿದ ಭಾಷೆಗೆ ಇಂದು ಒಂದು ಬಾಟಲಿಯ ಚೀಟಿಯನ್ನು ಓದುವಂತೆ ಬರೆಯಲು ಬರುವುದಿಲ್ಲವೆಂದರೆ ಲಜ್ಜೆ ಯಾರದು?

ಆದ್ದರಿಂದ ಕನ್ನಡ ವಿಭಾಗಗಳ ಸಂಶೋಧಕರ ಮುಂದೆ ಇರುವ ಕೆಲಸ ಸ್ಪಷ್ಟ. ಖಗೇಂದ್ರಮಣಿದರ್ಪಣಕ್ಕೆ, ಕರ್ಣಾಟಕ ಕಲ್ಯಾಣಕಾರಕಕ್ಕೆ ಇಂದಿನ ಓದುಗನಿಗೆ ಒದಗುವ, ಸಸ್ಯದ ಹೆಸರುಗಳನ್ನು ಜಿಲ್ಲೆವಾರು ಗುರುತಿಸಿದ, ವೈದ್ಯರೊಡನೆ ಕುಳಿತು ಸಿದ್ಧಪಡಿಸಿದ ಆವೃತ್ತಿಗಳು ಬೇಕು. ಔಪನಿಷದಿಕವನ್ನು ಮುಚ್ಚಿಡಬೇಕಾಗಿಲ್ಲ, ದರ್ಪಣದ ಜೊತೆಯಲ್ಲಿಟ್ಟು ಪಾಠ ಹೇಳಬೇಕು. ವಿಷವನ್ನು ಕುರಿತ ಯಾವ ಗ್ರಂಥವನ್ನು ಎತ್ತಿಕೊಂಡರೂ ಅದರ ಕಾಲ, ಕರ್ತೃ, ಛಂದಸ್ಸುಗಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೊಕ್ಕೆ ಎದ್ದವನಿಗೆ ಇದನ್ನು ಓದಲು ಬಿಟ್ಟಿದ್ದರೇ?